ಪತ್ತಿನ ಅಂಕದ ವಿಷಯದಲ್ಲಿ ಕೆಲವು ತಪ್ಪು ತಿಳುವಳಿಕೆಗಳು

ಈಗಿನ ಕಾಲದಲ್ಲಿ ಸಾಲ ಕೇಳಲು ಬೇಂಕಿಗೆ ಹೋದವರೆಲ್ಲರೂ “ನಿಮ್ಮ ಸಿಬಿಲ್ ಎಷ್ಟಿದೆ?” ಎಂಬ ಪ್ರಶ್ನೆಯನ್ನು ಕೇಳಿಸಿಕೊಳ್ಳುವರು. ಹಲವರು ಉತ್ತರ ತಿಳಿಯದೆ ಮನೆಗೆ ಬಂದು, ಅದೇನೋ ಒಂದು ರೋಗವೆಂಬಂತೆ ಭಯಪಡುತ್ತಾರೆ. ನಮ್ಮ ಶಾಲೆಯನ್ನು ಬಿಟ್ಟು ಹೋಗುವ ಹುಡುಗಿಯರಲ್ಲಿ ಅನೇಕರು ಮೂರು ನಾಲ್ಕು ವರುಷಗಳೊಳಗೆ ದಾದಿಯರ ಶಿಕ್ಷಣಕ್ಕಾಗಲಿ ಇಂಜಿನಿಯರಿಂಗ್ ವಿದ್ಯೆಗಾಗಲಿ ಸಾಲದ ಪತ್ರಕ್ಕೆ ರುಜು ಹಾಕತಕ್ಕವರು. ಗಣಿತದ ತರಗತಿಯಲ್ಲಿ ಚಕ್ರಬಡ್ಡಿಯ ಲೆಕ್ಕವನ್ನು ಕಲಿಸುತ್ತೇವೆ. ಆದರೆ ಆ ಬಡ್ಡಿಯನ್ನು ತೆರುವವಳ ಹೆಸರು ಎಲ್ಲಿ ಬರೆಯಲ್ಪಡುತ್ತದೆ, ಅದನ್ನು ಯಾರು ಓದುತ್ತಾರೆ ಎಂಬದನ್ನು ಪಠ್ಯಪುಸ್ತಕವು ಹೇಳುವದಿಲ್ಲ. ಆದಕಾರಣ ಈ ಸಂಚಿಕೆಯಲ್ಲಿ ಅದನ್ನು ಒಂದು ಪಾಠದಂತೆ ಬರೆಯುವದು ಯುಕ್ತವೆಂದು ಎಣಿಸಿದೆನು.

ಕ್ರೆಡಿಟ್ ಎಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಪತ್ತು ಎಂಬ ಒಳ್ಳೆಯ ಮಾತು ಮೊದಲೇ ಉಂಟು. “ಅವನಿಗೆ ಪೇಟೆಯಲ್ಲಿ ಪತ್ತು ಇದೆ” ಎಂದರೆ, ಕೈಯಲ್ಲಿ ರೊಕ್ಕವಿಲ್ಲದಿದ್ದರೂ ಅಂಗಡಿಯವನು ಅವನ ಮಾತನ್ನು ನಂಬಿ ಸಾಮಾನು ಕೊಡುವನೆಂದು ಅರ್ಥ. ಹಣವುಳ್ಳವನಿಗೆಲ್ಲ ಪತ್ತು ಇರುವದಿಲ್ಲ; ಪತ್ತು ಉಳ್ಳವನೆಲ್ಲ ಹಣವಂತನೂ ಅಲ್ಲ. ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದೆ ಹೇಳುವದರಲ್ಲಿ ಅರ್ಧ ತಿಳಿದಂತಾಯಿತು.

ಗದಗಿನ ಬಳಿಯ ಕಣಗಿನಹಾಳವೆಂಬ ಗ್ರಾಮದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ೧೯೦೫ರಲ್ಲಿ ಸ್ಥಾಪಿಸಿದ ಕೃಷಿ ಪತ್ತಿನ ಸಹಕಾರ ಸಂಘವು ನಮ್ಮ ದೇಶದಲ್ಲಿ ಆ ಜಾತಿಯ ಸಂಘಗಳಲ್ಲಿ ಮೊದಲನೆಯದೆಂದು ಹೆಸರಾಗಿದೆ. ಅದರ ಹಿಂದಿನ ವರುಷ, ಅಂದರೆ ೧೯೦೪ರಲ್ಲಿ, ಇಂಥ ಸಂಘಗಳಿಗೋಸ್ಕರ ಕಾಯಿದೆಯು ಬಂದಿತ್ತು. ಹಳ್ಳಿಯ ಸಂಘದಲ್ಲಿ ಸಾಲ ಕೇಳುವವನ ಯೋಗ್ಯತೆಯನ್ನು ಕಾಗದದಲ್ಲಿ ಹುಡುಕುವ ಅವಶ್ಯವಿರಲಿಲ್ಲ. ಯಾರ ಹೊಲ ಬೆಳೆಯಿತು, ಯಾರು ಹೋದ ಸುಗ್ಗಿಯಲ್ಲಿ ಮಾತಿಗೆ ತಪ್ಪಿದರು ಎಂಬದು ನೆರೆಯವರಿಗೆಲ್ಲ ಗೊತ್ತಿತ್ತು. ಪಟ್ಟಣದ ಬೇಂಕಿನವರಿಗೆ ಹಾಗಲ್ಲ. ಎದುರಿಗೆ ಕೂತವಳು ಯಾರ ಮಗಳೋ ಅವರು ಅರಿಯರು. ಅಮೇರಿಕದ ನ್ಯೂಯಾರ್ಕಿನಲ್ಲಿ ಲೂಯಿಸ್ ಟಪ್ಪನ್ ಎಂಬ ವರ್ತಕನು ೧೮೪೧ರಲ್ಲಿಯೇ ದೂರದೂರಿನ ವ್ಯಾಪಾರಿಗಳ ಪತ್ತಿನ ಸಂಗತಿಯನ್ನು ತರಿಸಿ ದಫ್ತರಗಳಲ್ಲಿ ಬರೆಸಿ ಇಡುವ ಒಂದು ಸಂಸ್ಥೆಯನ್ನು ತೆರೆದದ್ದು ಇದೇ ಕಾರಣದಿಂದ. ನೆರೆಯವನ ನೆನಪಿನ ಸ್ಥಾನಕ್ಕೆ ದಫ್ತರ ಬಂತು; ದಫ್ತರದ ಸ್ಥಾನಕ್ಕೆ ಈಗ ಗಣಕಯಂತ್ರ ಬಂದಿದೆ.

ನಮ್ಮ ದೇಶದಲ್ಲಿ ಸಿಬಿಲ್ ಎಂಬ ಸಂಸ್ಥೆಯು ೨೦೦೦ದಲ್ಲಿ ಸ್ಥಾಪಿತವಾಯಿತು. ಇಂಥ ಸಂಸ್ಥೆಗಳನ್ನು ಅಂಕೆಯಲ್ಲಿಡುವದಕ್ಕಾಗಿ ೨೦೦೫ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆಯನ್ನು ಮಾಡಿತು. ಇವುಗಳ ಮೇಲೆ ರಿಸರ್ವ್ ಬೇಂಕಿನ ಅಧಿಕಾರ ಉಂಟು. ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪೆನಿಗಳು ಈ ಕೆಲಸವನ್ನು ನಡಿಸುತ್ತವೆ. ಆದದರಿಂದ “ಸಿಬಿಲ್” ಎಂಬದು ನಾಲ್ವರಲ್ಲಿ ಒಬ್ಬರ ಹೆಸರೇ ಹೊರತು ಅಂಕದ ಹೆಸರಲ್ಲ. ಬೇಂಕುಗಳೂ ಹಣಕಾಸಿನ ಕಂಪೆನಿಗಳೂ ತಮ್ಮ ಸಾಲಗಾರರ ಲೆಕ್ಕವನ್ನು ಈ ನಾಲ್ವರಿಗೂ ಕಳುಹಿಸತಕ್ಕದ್ದು; ೨೦೨೫ರ ಜನವರಿಯಿಂದ ಹದಿನೈದು ದಿನಗಳಿಗೆ ಒಮ್ಮೆಯಾದರೂ ಕಳುಹಿಸಬೇಕೆಂಬ ಅಪ್ಪಣೆಯಾಗಿದೆ. ಬಂದ ಲೆಕ್ಕದಿಂದ ಪ್ರತಿ ಕಂಪೆನಿಯೂ ತನ್ನ ತನ್ನ ಸೂತ್ರದಂತೆ ೩೦೦ರಿಂದ ೯೦೦ರ ವರೆಗಿನ ಒಂದು ಅಂಕವನ್ನು ಕಟ್ಟುತ್ತದೆ. ಸೂತ್ರಗಳು ಬೇರೆಯಾದ್ದರಿಂದ ಒಬ್ಬಳಿಗೇ ಒಂದು ಕಡೆ ೭೪೦, ಇನ್ನೊಂದು ಕಡೆ ೭೬೫ ಇದ್ದರೆ ಆಶ್ಚರ್ಯವಿಲ್ಲ. ಎರಡರಲ್ಲಿ ಒಂದು ಸುಳ್ಳೆಂದು ಜಗಳಕ್ಕೆ ಹೋಗುವವರಿದ್ದಾರೆ. ಅದು ಎರಡು ಶಾಲೆಗಳ ಎರಡು ಪ್ರಶ್ನೆಪತ್ರಿಕೆಗಳಲ್ಲಿ ಬಂದ ಗುಣಗಳಂತೆ.

ಅಂಕಕ್ಕಿಂತ ಮುಖ್ಯವಾದದ್ದು ಅದರ ಹಿಂದಿರುವ ವರದಿ. ಪ್ರತಿ ಸಾಲದ ಕೆಳಗೆ ತಿಂಗಳು ತಿಂಗಳಿಗೆ ಒಂದೊಂದು ಮನೆ ಹಾಕಿ, ಆ ತಿಂಗಳು ಕಂತು ವಾಯಿದೆ ಮೀರಿ ಎಷ್ಟು ದಿನ ನಿಂತಿತೆಂಬದನ್ನು ಬರೆದಿರುತ್ತಾರೆ. ಸಿಬಿಲ್‌ನವರ ವರದಿಯಲ್ಲಿ ಇಂಥ ೩೬ ತಿಂಗಳುಗಳ ಮನೆಗಳು ಕಾಣುತ್ತವೆ. ಹೊತ್ತಿಗೆ ಸರಿಯಾಗಿ ಕೊಟ್ಟ ತಿಂಗಳಲ್ಲಿ ಮೂರು ಸೊನ್ನೆಗಳು ಇರುವವು. ಪರೀಕ್ಷೆಯಲ್ಲಿ ಸೊನ್ನೆಯನ್ನು ಕಂಡು ಅಳುವ ಹುಡುಗಿಯು ಇಲ್ಲಿ ಸೊನ್ನೆಗಳನ್ನು ಕಂಡು ಸಂತೋಷಪಡತಕ್ಕದ್ದು.

ಇನ್ನು ತಪ್ಪು ತಿಳುವಳಿಕೆಗಳಿಗೆ ಬರುತ್ತೇನೆ. ದೊಡ್ಡ ಸಂಬಳವುಳ್ಳವರ ಅಂಕ ದೊಡ್ಡದು ಎಂಬದು ಬಹು ಸಾಮಾನ್ಯವಾದ ನಂಬಿಕೆ. ಸಂಬಳವಾಗಲಿ, ಉಳಿತಾಯದ ಖಾತೆಯಲ್ಲಿರುವ ಹಣವಾಗಲಿ, ಠೇವಣಿಯಾಗಲಿ, ತೋಟ ಮನೆಗಳಾಗಲಿ ಆ ಅಂಕದೊಳಗೆ ಸೇರುವದಿಲ್ಲ. ಬೇಂಕು ಸಾಲ ಕೊಡುವಾಗ ಸಂಬಳವನ್ನು ಬೇರೆಯಾಗಿ ನೋಡುವದು ನಿಜ. ಆದರೆ ಅದು ಬೇಂಕಿನ ಲೆಕ್ಕ. ಹೊಲಿಗೆಯ ಯಂತ್ರಕ್ಕಾಗಿ ಸಾಲ ಮಾಡಿ ತಪ್ಪದೆ ಕಂತು ಕಟ್ಟಿದವಳ ಅಂಕವು, ತಿಂಗಳಿಗೆ ಲಕ್ಷ ರೂಪಾಯಿ ಸಂಬಳ ಪಡೆದು ಮರೆವಿನಿಂದ ಕಂತುಗಳನ್ನು ತಡಮಾಡುವವನ ಅಂಕಕ್ಕಿಂತ ಮೇಲಿರಬಹುದು.

ಇದಕ್ಕೆ ಎದುರಾದ ಇನ್ನೊಂದು ನಂಬಿಕೆಯು ನಮ್ಮಂಥವರ ಮನೆಗಳಲ್ಲಿ ಹೆಚ್ಚು. “ನಾನು ಜೀವಮಾನದಲ್ಲಿ ಯಾರಿಂದಲೂ ಒಂದು ಕಾಸು ಸಾಲ ತಕ್ಕೊಂಡವಳಲ್ಲ, ನನ್ನ ಅಂಕ ಎಲ್ಲರಿಗಿಂತ ಮೇಲಿರಬೇಕು” ಎಂದು ನಿವೃತ್ತರಾದ ಅಧ್ಯಾಪಿಕೆಯರು ಹೇಳುವದನ್ನು ಕೇಳಿದ್ದೇನೆ. ಸಾಲವಿಲ್ಲದ ಜೀವನವು ಮಾನ್ಯವಾದದ್ದೇ. ಅದನ್ನು ಬಿಡಬೇಕೆಂದು ನಾನು ಹೇಳುವವಳಲ್ಲ. ಆದರೆ ಪರೀಕ್ಷೆಗೆ ಕೂರದವಳಿಗೆ ಮೊದಲನೆಯ ತರಗತಿಯನ್ನೂ ಕೊಡಲಾಗದು, ನಪಾಸೆಂದೂ ಹೇಳಲಾಗದು. ಅವಳ ವರದಿಯಲ್ಲಿ ಚರಿತ್ರೆ ಇಲ್ಲವೆಂಬ ಗುರುತು ಮಾತ್ರ ಇರುತ್ತದೆ. ಚರಿತ್ರೆ ಇಲ್ಲವೆಂಬ ಒಂದೇ ಕಾರಣದಿಂದ ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ತಳ್ಳಿಹಾಕಬಾರದೆಂದು ರಿಸರ್ವ್ ಬೇಂಕು ೨೦೨೫ರ ಜನವರಿಯ ತನ್ನ ನಿರ್ದೇಶದಲ್ಲಿ ಹೇಳಿದೆ. ಇಷ್ಟು ಅಂಕ ಇರಲೇಬೇಕೆಂಬ ಕಾಯಿದೆಯೂ ಇಲ್ಲ. ೭೫೦ ಎಂಬ ಸಂಖ್ಯೆಯನ್ನು ಅನೇಕ ಬೇಂಕುಗಳು ರೂಢಿಯಲ್ಲಿ ನೋಡುತ್ತವೆ, ಅಷ್ಟೇ. ಸಾಲವನ್ನು ಕೊಡುವದು ಬಿಡುವದು ಬೇಂಕಿನವರ ನಿರ್ಣಯ. ಅಂಕದ ಕಂಪೆನಿಯವರು ಯಾರಿಗೂ ಸಾಲ ಮಂಜೂರು ಮಾಡುವವರಲ್ಲ, ನಿರಾಕರಿಸುವವರೂ ಅಲ್ಲ.

ತನ್ನ ಅಂಕವನ್ನು ತಾನೇ ನೋಡಿದರೆ ಅದು ಕಡಿಮೆಯಾಗುತ್ತದೆ ಎಂಬ ಹೆದರಿಕೆಗೆ ಆಧಾರವೇ ಇಲ್ಲ. ಕನ್ನಡಿ ನೋಡಿದರೆ ಮುಖ ಸವೆಯುವದಿಲ್ಲ. ಸಾಲ ಕೊಡುವವರು ನಿಮ್ಮ ಅರ್ಜಿಯ ಮೇಲೆ ವಿಚಾರಿಸಿದಾಗ ಮಾತ್ರ ಆ ವಿಚಾರಣೆಯು ವರದಿಯಲ್ಲಿ ದಾಖಲಾಗಿ ಅಂಕವನ್ನು ಸ್ವಲ್ಪ ತಾಗಬಹುದು. ಒಂದೇ ವಾರದಲ್ಲಿ ಆರು ಕಡೆ ಅರ್ಜಿ ಹಾಕಿದವಳನ್ನು ಕಂಡರೆ ಇವಳಿಗೆ ಹಣದ ತೀವ್ರ ಅಡಚಣೆ ಇರಬೇಕೆಂದು ಯಂತ್ರವು ಊಹಿಸುತ್ತದೆ. ಸ್ವಂತವಾಗಿ ನೋಡುವದಕ್ಕಾದರೋ ೨೦೧೭ರಿಂದ ನಮಗೆ ಹಕ್ಕೇ ಉಂಟು: ನಾಲ್ಕು ಕಂಪೆನಿಗಳಲ್ಲಿ ಪ್ರತಿಯೊಂದೂ ವರುಷಕ್ಕೆ ಒಂದು ಸಲ ಪೂರ್ಣ ವರದಿಯನ್ನು ಬಿಟ್ಟಿಯಾಗಿ ಕೊಡತಕ್ಕದ್ದು. ಯಾರಾದರೂ ವರದಿಯನ್ನು ತೆಗೆದು ನೋಡಿದರೆ ನಿಮಗೆ ಮೊಬೈಲಿಗಾಗಲಿ ಇ-ಮೇಲಿಗಾಗಲಿ ಸುದ್ದಿ ಬರಬೇಕೆಂದು ೨೦೨೩ರಲ್ಲಿ ಅಪ್ಪಣೆಯಾಗಿದೆ. ನೀವು ಎಲ್ಲಿಯೂ ಅರ್ಜಿ ಹಾಕದೆ ಇಂಥ ಸುದ್ದಿ ಬಂದರೆ ಸುಮ್ಮನಿರಬಾರದು.

ಈಗ ಹೇಳುವದು ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ಕೆಡಿಸಿರುವ ತಿಳುವಳಿಕೆ. ಜಾಮೀನು ಹಾಕುವದೆಂದರೆ ಸಾಕ್ಷಿ ಹಾಕಿದಂತೆ, ಬರೇ ಒಂದು ರುಜು, ಅದರಿಂದ ನಮಗೇನೂ ಬಾಧೆಯಿಲ್ಲ ಎಂದು ಜನರು ತಿಳಿಯುತ್ತಾರೆ. ೧೮೭೨ರ ಕರಾರು ಕಾಯಿದೆಯ ೧೨೮ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ವಿಧವಾಗಿ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ. ನೀವು ಹೊಣೆಯಾದ ಸಾಲವು ನಿಮ್ಮ ವರದಿಯಲ್ಲಿಯೂ ಕಾಣಿಸಿಕೊಳ್ಳುತ್ತದೆ. ಅಧ್ಯಾಪಿಕೆಯರೂ ದಾದಿಯರೂ ತಿಂಗಳ ಸಂಬಳದವರಾದ ಕಾರಣ ನೆಂಟರಿಷ್ಟರೆಲ್ಲರೂ ಮೊದಲು ನಮ್ಮ ಬಾಗಿಲನ್ನು ತಟ್ಟುತ್ತಾರೆ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಸೋದರಮಾವನ ಮಗನ ಆಟೋರಿಕ್ಷಾದ ಸಾಲಕ್ಕೆ ಜಾಮೀನು ಹಾಕಿದಳು. ಅವನು ಎರಡು ವರುಷ ಸರಿಯಾಗಿ ಕಟ್ಟಿ, ಕಾಲು ಮುರಿದುಕೊಂಡು ದುಡಿಮೆ ನಿಂತ ಮೇಲೆ ಕಂತುಗಳನ್ನು ಬಿಟ್ಟನು. ನಾಚಿಕೆಯಿಂದ ಅವಳಿಗೆ ತಿಳಿಸಲಿಲ್ಲ. ಕಂಪೆನಿಯವರ ನೋಟೀಸು ಅವಳ ಹಳೆಯ ಬಿಡಾರದ ವಿಳಾಸಕ್ಕೆ ಹೋಯಿತು. ಇವಳು ಸ್ವಂತಕ್ಕಾಗಿ ಒಂದು ರೂಪಾಯಿ ಸಾಲ ಮಾಡಿದವಳಲ್ಲ. ತಾಯಿಗೆ ಮನೆ ಕಟ್ಟಿಸಬೇಕೆಂದು ಬೇಂಕಿಗೆ ಹೋದಾಗ ಅರ್ಜಿಯು ತಿರಸ್ಕೃತವಾಯಿತು. ಕಡೆಗೆ ಅವಳೇ ಬಾಕಿಯನ್ನು ಕಟ್ಟಿ ತೀರಿಸಿದಳು. ಆದರೂ ಅಂಕವು ಮರುದಿನವೇ ಏರಲಿಲ್ಲ. ಕಟ್ಟದ ತಿಂಗಳುಗಳ ಗುರುತು ಹಿಂದಕ್ಕೆ ಸರಿಯುತ್ತಾ ಹೋಗಬೇಕಷ್ಟೆ. ಮನೆಯ ಕೆಲಸವು ಬಹಳ ತಿಂಗಳು ನಿಂತಿತು.

ಜಾಮೀನು ಹಾಕಲೇಬಾರದೆಂದು ನಾನು ಹೇಳಿದರೆ ಅದು ನಡೆಯತಕ್ಕ ಮಾತಲ್ಲ. ನಮ್ಮಲ್ಲಿ ಒಬ್ಬರಿಗೊಬ್ಬರು ಹೊಣೆಯಾಗದೆ ಎಷ್ಟು ಕಾರ್ಯಗಳು ಆದಾವು? ಆದರೆ ಹೊಣೆ ಹೊತ್ತ ಮೇಲೆ ಆ ಸಾಲದ ಲೆಕ್ಕವನ್ನು ವರುಷಕ್ಕೆ ಎರಡು ಸಲವಾದರೂ ಕೇಳುವ ಹಕ್ಕು ನಮಗಿದೆ. ಕೇಳಿದರೆ ನೆಂಟನು ಸಿಟ್ಟಾಗುವನೆಂದು ಸಂಕೋಚಪಡುವವಳು ರುಜು ಹಾಕುವ ದಿವಸವೇ ಆ ಸಂಕೋಚವನ್ನು ತೋರಿಸುವದು ಮೇಲು.

ಗುಂಪು ಸಾಲದ ವಿಷಯದಲ್ಲಿಯೂ ಇಂಥದೇ ಭ್ರಮೆ ಉಂಟು. ಮೈಕ್ರೋಫೈನಾನ್ಸ್ ಕಂಪೆನಿಯವರು ಹತ್ತು ಮಂದಿ ಹೆಂಗಸರನ್ನು ಸೇರಿಸಿ ಕೊಟ್ಟ ಸಾಲವು “ಗುಂಪಿನದು” ಎಂದು ನಮ್ಮ ಮಕ್ಕಳ ತಾಯಂದಿರು ಹೇಳುತ್ತಾರೆ. ಆದರೆ ಪುಸ್ತಕದಲ್ಲಿ ಪ್ರತಿಯೊಬ್ಬಳ ಸಾಲವೂ ಅವಳವಳ ಹೆಸರಿನಲ್ಲಿ ಬರೆಯಲ್ಪಡುತ್ತದೆ. ಬೇಂಕಿನಲ್ಲಿ ಚಿನ್ನವನ್ನು ಅಡವಿಟ್ಟು ತಂದ ಸಾಲವೂ ಹಾಗೆಯೇ ವರದಿಗೆ ಸೇರುವದು. ಪೇಟೆಯ ಗಿರವಿ ಅಂಗಡಿಯದೂ ನೆರೆಮನೆಯ ಕೈಸಾಲವೂ ಸೇರುವದಿಲ್ಲ. ಫೋನಿನಲ್ಲಿ ಬಟ್ಟೆ ಕೊಂಡು “ಆಮೇಲೆ ಕೊಡುತ್ತೇನೆ” ಎಂದು ಗುಂಡಿ ಒತ್ತುವದು ಕೂಡ ಅನೇಕ ಸಲ ಸಾಲವೇ. ಇನ್ನೂರು ರೂಪಾಯಿ ಬಾಕಿ ಉಳಿದರೂ ಬಾಕಿಯೆಂದೇ ಬರೆಯಲ್ಪಡಬಹುದು.

ಮದುವೆಯಾದ ಮೇಲೆ ಗಂಡಹೆಂಡಿರಿಗೆ ಒಂದೇ ಅಂಕವೆಂದು ಕೆಲವರು ಎಣಿಸುತ್ತಾರೆ. ಹಾಗಿಲ್ಲ, ಅವರವರ ಸಾಲದ ಚರಿತ್ರೆ ಅವರವರದು. ಗಂಡನ ಅಂಕ ಕೆಟ್ಟಿದ್ದರೆ ಹೆಂಡತಿಯದು ತನ್ನಿಂದ ತಾನೇ ಕೆಡುವದಿಲ್ಲ. ಇಬ್ಬರೂ ಕೂಡಿ ಮಾಡಿದ ಸಾಲ ಮಾತ್ರ ಇಬ್ಬರ ವರದಿಯಲ್ಲಿಯೂ ಇರುವದು. ಇದು ಸಣ್ಣ ವಿಷಯವಲ್ಲ. ಅಮೇರಿಕದಂಥ ದೇಶದಲ್ಲಿಯೂ ೧೯೭೪ರ ವರೆಗೆ ಅನೇಕ ಬೇಂಕುಗಳು ಮದುವೆಯಾದ ಸ್ತ್ರೀಯು ಸಾಲ ಕೇಳಿದರೆ ಗಂಡನ ರುಜುವನ್ನು ಕೇಳುತ್ತಿದ್ದವು. ಆ ವರುಷ ಬಂದ ಕಾಯಿದೆಯು ಹೆಣ್ಣೆಂಬ ಕಾರಣದಿಂದಾಗಲಿ ಮದುವೆಯಾಗಿದೆಯೆಂಬ ಕಾರಣದಿಂದಾಗಲಿ ಸಾಲದಲ್ಲಿ ಭೇದ ಮಾಡಬಾರದೆಂದಿತು. ಮದುವೆಯ ನಂತರ ಹೆಸರು ಬದಲಾದರೂ ಪ್ಯಾನ್ ಸಂಖ್ಯೆಯು ಬದಲಾಗುವದಿಲ್ಲ. ಹಳೆಯ ಹೆಸರಿನ ಚರಿತ್ರೆ ಅದರ ಮೂಲಕ ನಿಮ್ಮೊಂದಿಗೆ ಬರುತ್ತದೆ. ಹೊಸ ಹೆಸರನ್ನು ಬೇಂಕಿಗೆ ತಿಳಿಸುವದು ಮಾತ್ರ ನಿಮ್ಮ ಕೆಲಸ.

ವಿದ್ಯಾಭ್ಯಾಸದ ಸಾಲವು ತಂದೆಯದೆಂದು ಹುಡುಗಿಯರು ತಿಳಿದಿರುತ್ತಾರೆ. ಪ್ರಾಯಕ್ಕೆ ಬಂದ ವಿದ್ಯಾರ್ಥಿನಿಯೇ ಅದರಲ್ಲಿ ಮುಖ್ಯ ಸಾಲಗಾರಳು, ತಂದೆಯಾಗಲಿ ತಾಯಿಯಾಗಲಿ ಕೂಡ ಹೊಣೆಗಾರರು. ಓದುವ ಕಾಲದಲ್ಲಿಯೂ ಸಾಮಾನ್ಯವಾಗಿ ಮುಂದೆ ಒಂದು ವರುಷವೂ ಕಂತು ಕೇಳುವದಿಲ್ಲ. ಬಡ್ಡಿಯು ಮಾತ್ರ ಬೆಳೆಯುತ್ತಿರುತ್ತದೆ. ಕಂತು ಶುರುವಾಗುವ ತಾರೀಖನ್ನು ಮರೆತು ಕೆಲಸಕ್ಕಾಗಿ ದೂರದೂರಿಗೆ ಹೋದವರಿಂದ ಇಬ್ಬರ ವರದಿಯೂ ಕೆಡುವದುಂಟು. ವಿದ್ಯಾರ್ಥಿಯ ಅಂಕ ಕಡಿಮೆಯೆಂಬದಕ್ಕಾಗಿ ವಿದ್ಯಾಭ್ಯಾಸದ ಸಾಲವನ್ನು ನಿರಾಕರಿಸಬಾರದೆಂದು ೨೦೨೩ರಲ್ಲಿ ಕೇರಳ ಹೈಕೋರ್ಟು ಒಂದು ಮೊಕದ್ದಮೆಯಲ್ಲಿ ಹೇಳಿತು. ಹಾಗಿದ್ದರೂ ಕೋರ್ಟಿನ ತನಕ ಹೋಗುವ ಸಾಮರ್ಥ್ಯ ಎಲ್ಲರಿಗೂ ಇರುವದಿಲ್ಲ.

ಸಾಲವನ್ನು ಹೇಗಾದರೂ ಮುಗಿಸಿದರೆ ಸಾಕು, ವರದಿ ಶುದ್ಧವಾಗುತ್ತದೆ ಎಂಬದೂ ಸರಿಯಲ್ಲ. ಪೂರ್ಣ ಚುಕ್ತಾ ಮಾಡಿದ ಸಾಲವು “ಮುಚ್ಚಿದೆ” ಎಂದು ಬರೆಯಲ್ಪಡುವದು. ಒಂದು ಲಕ್ಷ ಬಾಕಿಯಲ್ಲಿ ಅರವತ್ತು ಸಾವಿರ ಕೊಟ್ಟು ರಾಜಿ ಮಾಡಿಕೊಂಡರೆ “ಸೆಟಲ್ಡ್” ಎಂದು ಬರೆಯಲ್ಪಡುವದು. ಇಂಗ್ಲೀಷಿನಲ್ಲಿ ಕೇಳುವಾಗ ಎರಡೂ ಚೆನ್ನಾಗಿವೆ. ಬೇಂಕಿನವರ ಕಣ್ಣಿಗೆ ಎರಡನೆಯದು ಪೂರ್ತಿ ಕೊಡಲಾರದವರ ಗುರುತು. ವಸೂಲಿಗೆ ಬಂದ ಗುಮಾಸ್ತನು ಸಾಮಾನ್ಯವಾಗಿ ಈ ಭೇದವನ್ನು ಬಿಡಿಸಿ ಹೇಳುವದಿಲ್ಲ. ಕೈಲಾಗದವರು ರಾಜಿ ಮಾಡಿಕೊಳ್ಳಲೇಬೇಕಾದೀತು, ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ತಿಳಿದು ಮಾಡಿಕೊಳ್ಳಲಿ.

ಕ್ರೆಡಿಟ್ ಕಾರ್ಡಿನ ಕಾಗದದಲ್ಲಿ “ಕನಿಷ್ಠ ಪಾವತಿ” ಎಂದು ಒಂದು ಚಿಕ್ಕ ಮೊತ್ತ ಇರುತ್ತದೆ. ಅಷ್ಟನ್ನು ಕೊಟ್ಟರೆ ತಡವೆಂಬ ಗುರುತು ಬೀಳುವದಿಲ್ಲವೆಂಬದು ನಿಜ. ಆದರೆ ಲೆಕ್ಕವನ್ನು ಹಾಕಿ ನೋಡಿರಿ. ಬಾಕಿ ೨೦,೦೦೦ ರೂಪಾಯಿ, ತಿಂಗಳಿಗೆ ನೂರಕ್ಕೆ ೩.೫ರ ಬಡ್ಡಿ, ಕೊಟ್ಟದ್ದು ೧,೦೦೦ ಎನ್ನಿರಿ. ಬಡ್ಡಿಯೇ ೭೦೦, ಅದರ ಮೇಲೆ ನೂರಕ್ಕೆ ೧೮ರಂತೆ ತೆರಿಗೆ ೧೨೬. ಸಾವಿರ ಕೊಟ್ಟದ್ದರಲ್ಲಿ ಅಸಲಿಗೆ ಸಂದದ್ದು ೧೭೪ ರೂಪಾಯಿ. ಎಂಟನೆಯ ತರಗತಿಯ ಹುಡುಗಿಯೂ ಮಾಡಬಲ್ಲ ಈ ಲೆಕ್ಕವನ್ನು ಪದವೀಧರರು ಮಾಡದೆ ಬಿಡುತ್ತಾರೆ. ಮಿತಿಯಲ್ಲಿ ಬಹುಪಾಲನ್ನು ಪ್ರತಿ ತಿಂಗಳೂ ಉಪಯೋಗಿಸುವದೂ ಅಂಕಕ್ಕೆ ಒಳ್ಳೆಯದಲ್ಲ. ನೂರಕ್ಕೆ ಮೂವತ್ತರೊಳಗೆ ಇರಲಿ ಎಂಬದು ರೂಢಿಯ ಸಲಹೆ, ಕಾಯಿದೆಯಲ್ಲ.

ಅಂಕವನ್ನು ಬಿಟ್ಟಿಯಾಗಿ ತೋರಿಸುತ್ತೇವೆನ್ನುವ ಆಪುಗಳು ಈಗ ಎಷ್ಟೋ ಇವೆ. ಅವು ಎಲ್ಲವೂ ಮೋಸವೆಂದಲ್ಲ. ಆದರೆ ಬಿಟ್ಟಿಯಾಗಿ ಕೊಡುವವನ ಸಂಪಾದನೆ ಎಲ್ಲಿಂದ ಎಂಬದನ್ನು ವಿಚಾರಿಸಬೇಕು. ನಿಮ್ಮ ವರದಿಯನ್ನು ನೋಡಿ, ನಿಮಗೆ ತಕ್ಕ ಸಾಲವನ್ನೋ ಕಾರ್ಡನ್ನೋ ತೋರಿಸಿ, ನೀವು ತಕ್ಕೊಂಡರೆ ಸಾಲ ಕೊಟ್ಟವರಿಂದ ದಲ್ಲಾಳಿ ಪಡೆಯುವದು ಇವುಗಳಲ್ಲಿ ಅನೇಕರ ವ್ಯಾಪಾರ. ಅಲ್ಲಿ ಒಪ್ಪಿಗೆಯ ಗುಂಡಿಯನ್ನು ಒತ್ತಿದ ಮೇಲೆ ಸಾಲದ ಕರೆಗಳು ದಿನವೂ ಬಂದರೆ ಬೇರೆ ಕಾರಣ ಹುಡುಕಬೇಕಾಗಿಲ್ಲ. “ಹಣ ಕೊಟ್ಟರೆ ಸಿಬಿಲ್ ಸರಿಮಾಡಿಸುತ್ತೇವೆ” ಎನ್ನುವವರ ವಿಷಯ ಬೇರೆ. ಸತ್ಯವಾದ ಬರಹವನ್ನು ಅಳಿಸುವ ಅಧಿಕಾರ ಅವರಿಗಿಲ್ಲ; ಸುಳ್ಳಾದ ಬರಹವನ್ನು ತಿದ್ದಿಸುವದಕ್ಕೆ ಅವರ ಅವಶ್ಯವಿಲ್ಲ. ಅಂಥವರಿಗೆ ಪ್ಯಾನ್ ಸಂಖ್ಯೆಯನ್ನೂ ಮೊಬೈಲಿಗೆ ಬಂದ ಓಟಿಪಿಯನ್ನೂ ಕೊಡುವದೆಂದರೆ ಮನೆಯ ಬೀಗದ ಕೈಯನ್ನು ದಾರಿಹೋಕನಿಗೆ ಕೊಟ್ಟಂತೆ.

ತಪ್ಪುಗಳು ಬೀಳುವದಂತೂ ನಿಜ. ಒಂದೇ ಹೆಸರು, ಒಂದೇ ಊರು, ಹತ್ತಿರದ ಜನ್ಮದಿನ ಇದ್ದರೆ ಒಬ್ಬಳ ಸಾಲ ಇನ್ನೊಬ್ಬಳ ಲೆಕ್ಕಕ್ಕೆ ಸೇರಿದ ಸಂದರ್ಭಗಳು ಉಂಟು. ತೀರಿದ ಸಾಲವು ತೆರೆದೇ ಇರುವದೂ ಉಂಟು. ಆಗ ಅಂಕದ ಕಂಪೆನಿಗಾಗಲಿ ಸಾಲ ಕೊಟ್ಟ ಬೇಂಕಿಗಾಗಲಿ ತಕರಾರನ್ನು ಬರೆದು ಕಳುಹಿಸತಕ್ಕದ್ದು. ಇದಕ್ಕೆ ಶುಲ್ಕವಿಲ್ಲ. ಮೂವತ್ತು ದಿನಗಳೊಳಗೆ ಅದು ತೀರ್ಮಾನವಾಗದಿದ್ದರೆ ಮುಂದಿನ ದಿನ ಒಂದಕ್ಕೆ ನೂರು ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬೇಂಕು ವಿಧಿಸಿದೆ. ಅಲ್ಲಿಯೂ ನ್ಯಾಯ ದೊರೆಯದಿದ್ದರೆ ರಿಸರ್ವ್ ಬೇಂಕಿನ ಓಂಬುಡ್ಸ್‌ಮನ್‌ಗೆ ದೂರಬಹುದು. ೨೦೨೨ರ ಸೆಪ್ಟೆಂಬರದಿಂದ ಈ ಕಂಪೆನಿಗಳು ಕೂಡ ಅವರ ವಿಚಾರಣೆಗೆ ಒಳಪಟ್ಟಿವೆ. ಅರ್ಜಿಯು ತಿರಸ್ಕೃತವಾದಾಗ ಬೇಂಕಿನವರು ತರಿಸಿದ ವರದಿಯ ಪ್ರತಿಯನ್ನು ಕೇಳುವ ಹಕ್ಕನ್ನು ೨೦೦೫ರ ಕಾಯಿದೆಯ ೨೧ನೆಯ ಕಲಮು ಕೊಡುತ್ತದೆ. ಬಾಯಿಮಾತಿನಲ್ಲಿ ಕೇಳಿದರೆ ನಾಳೆ ಬನ್ನಿರಿ ಎನ್ನುವರು, ಬರೆದು ಕೇಳಿರಿ. ಸಾಲ ತೀರಿದ ದಿವಸ ಬಾಕಿ ಇಲ್ಲವೆಂಬ ಪತ್ರವನ್ನು ಬೇಂಕಿನಿಂದ ಪಡೆದು, ಮಾರ್ಕ್ಸ್ ಕಾರ್ಡಿನ ಜೊತೆಯಲ್ಲಿಯೇ ಇಡಿರಿ.

ವರದಿಯನ್ನು ತರಿಸಿಕೊಂಡವರು ಅಂಕವನ್ನು ಮಾತ್ರ ನೋಡಿ ಮಡಚಿ ಇಡಬಾರದು. ಮೊದಲು ಹೆಸರು, ಜನ್ಮದಿನ, ಪ್ಯಾನ್, ವಿಳಾಸಗಳು ಸರಿಯೋ ನೋಡತಕ್ಕದ್ದು. ಆಮೇಲೆ ಒಂದೊಂದು ಸಾಲವೂ ನಿಮ್ಮದೇ ಹೌದೋ, ಯಾವದರಲ್ಲಿ ನಿಮ್ಮನ್ನು ಜಾಮೀನುದಾರಳೆಂದು ಬರೆದಿದ್ದಾರೋ ನೋಡತಕ್ಕದ್ದು. ಕೊನೆಗೆ ಯಾರು ಯಾರು ವಿಚಾರಿಸಿದ್ದಾರೆಂಬ ಪಟ್ಟಿ. ಓದುವದಕ್ಕೆ ತೊಡಕಾಗುವ ಹಳೆಯ ವಿದ್ಯಾರ್ಥಿನಿಯರು ತಮ್ಮ ವರದಿಯ ಪ್ರತಿಯನ್ನು ತಕ್ಕೊಂಡು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಂದರೆ, ಗಣಿತದ ಅಧ್ಯಾಪಿಕೆಯವರೂ ನಾನೂ ಕಚೇರಿಯಲ್ಲಿ ಇರುತ್ತೇವೆ.